ಹಸಿ ಅಡಿಕೆ ಸುಲಿಯುವ ಬ್ಲೇಡಿಗೆ ಹಾರ್ಡ್ ಕ್ರೋಮೋ, ನೈಟ್ರೈಡಿಂಗೋ, ನಿಕಲ್ಲೋ?

ಹಸಿ ಅಡಿಕೆ ಸಿಪ್ಪೆಯ ರಸದಲ್ಲಿ ಟ್ಯಾನಿನ್ ಇರುತ್ತದೆ. ಅದಕ್ಕೆ ಕಬ್ಬಿಣ ಸಿಕ್ಕಿತೋ, ಶಾಯಿಯಂಥ ಕಪ್ಪು. ಬ್ಲೇಡು ಸವೆಯುವುದನ್ನಾದರೂ ರೈತರು ಸಹಿಸುತ್ತಾರೆ, ಸುಲಿದ ಅಡಿಕೆಗೆ ಕಲೆ ಹತ್ತಿದರೆ ಸಹಿಸುವುದಿಲ್ಲ. ತುಮಕೂರಿನ ಅಂತರಸನಹಳ್ಳಿಯ ನಮ್ಮ ಶೆಡ್ಡಿನಲ್ಲಿ ಸುಲಿಯುವ ಯಂತ್ರದ ಬ್ಲೇಡು, ಶಾಫ್ಟು, ರೋಲರ್ ಮಾಡುತ್ತೇವೆ. ಒಂದೇ ಡ್ರಾಯಿಂಗಿನ ಭಾಗಗಳಿಗೆ ಪೀಣ್ಯದಲ್ಲಿ ಮೇಲ್ಮೈಗೆ ಮೂರು ಥರದ ಟ್ರೀಟ್‌ಮೆಂಟ್ (ಹಾರ್ಡ್ ಕ್ರೋಮ್, ಎಲೆಕ್ಟ್ರೋಲೆಸ್ ನಿಕಲ್, ನೈಟ್ರೈಡಿಂಗ್) ಮಾಡಿಸಿ, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ಯಂತ್ರಗಳಿಗೆ ಹಾಕಿ, ಒಂದು ಕೊಯ್ಲು ಪೂರ್ತಿ ಓಡಿಸಿ ನೋಡಿದೆವು.

‘ಸ್ಟೇನ್‌ಲೆಸ್ ಹಾಕಿ, ತಲೆನೋವೇ ಇರಲ್ಲ’ ಅನ್ನುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. 304 ಅನ್ನುವ ಮಾಮೂಲು ಸ್ಟೇನ್‌ಲೆಸ್ ಕಾಯಿಸಿದರೂ ಗಟ್ಟಿಯಾಗುವ ಜಾತಿಯಲ್ಲ, ಅಂಚು ಬೇಗ ಮೊಂಡಾಗುತ್ತದೆ. ಅದಕ್ಕೇ ನೈಟ್ರೈಡಿಂಗ್ (ಉಕ್ಕಿನ ಮೈಯೊಳಗೆ ನೈಟ್ರೋಜನ್ ಇಳಿಸಿ ಗಟ್ಟಿ ಮಾಡುವುದು) ಮಾಡಿಸೋಣವೆಂದರೆ, 500 ಡಿಗ್ರಿ ದಾಟಿದ ಮಾಮೂಲು ನೈಟ್ರೈಡಿಂಗಿನಲ್ಲಿ ತುಕ್ಕು ತಡೆಯಬೇಕಾದ ಕ್ರೋಮಿಯಂ ನೈಟ್ರೋಜನ್ನಿನ ಜೊತೆ ಸೇರಿಹೋಗುತ್ತದೆ. ಆಮೇಲೆ ಸ್ಟೇನ್‌ಲೆಸ್ಸಿಗೂ ತುಕ್ಕು.

ಹಾರ್ಡ್ ಕ್ರೋಮ್, ಅಂದರೆ ಕರೆಂಟು ಹಾಯಿಸಿ ಕೂರಿಸುವ ಕ್ರೋಮಿಯಂ ಪದರ, ನೋಡಲು ಚೆಂದ, ಗಡಸುತನವೂ ಸುಮಾರು 850ರಿಂದ 1000 ವಿಕರ್ಸ್ (ಗಡಸುತನದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ). ದುಂಡಗಿನ ಶಾಫ್ಟಿನ ಮೇಲೆ, ಆಯಿಲ್ ಸೀಲ್ ಉಜ್ಜುವ ಜಾಗದಲ್ಲಿ ಅದನ್ನು ಮೀರಿಸಿದ್ದು ನಾನು ಕಂಡಿಲ್ಲ. ಬ್ಲೇಡಿನ ಕಥೆ ಬೇರೆ. ಪ್ಲೇಟಿಂಗ್ ತೊಟ್ಟಿಯಲ್ಲಿ ಕರೆಂಟು ಮೂಲೆಗಳಿಗೇ ಹೆಚ್ಚು ನುಗ್ಗುತ್ತದೆ. ಹಲ್ಲಿನ ತುದಿಯಲ್ಲಿ ಕ್ರೋಮ್ ದಪ್ಪಗೆ ಕೂತು ಅಂಚು ದುಂಡಗಾಯಿತು, ಹಲ್ಲಿನ ಸಂದಿಯಲ್ಲಿ ಮಾತ್ರ ಹೆಸರಿಗಷ್ಟೇ. ಅದರ ಜೊತೆಗೆ, ಹಾರ್ಡ್ ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳ ಬಲೆ ಹುಟ್ಟಿನಿಂದಲೇ ಇರುತ್ತದೆ. ಸಿಪ್ಪೆಯ ಚೊಗರು ರಸ ಅಲ್ಲಿಂದ ಇಳಿದು ಅಡಿಯ ಉಕ್ಕನ್ನು ಹಿಡಿಯಿತು. ಮೊದಲು ಕೆಂಪು ಚುಕ್ಕಿ, ಆಮೇಲೆ ಹೆಕ್ಕಳೆ. ಕೆಳಗೊಂದು ನಿಕಲ್ ಪದರ ಹಾಕಿಸಿದರೆ ತಡೆಯುತ್ತದೆ, ಆದರೆ ಅಷ್ಟು ಖರ್ಚು ಬ್ಲೇಡಿಗೆ ಯಾರು ಕೊಡುತ್ತಾರೆ? ಒಂದು ಬ್ಲೇಡಂತೂ ಹಲ್ಲಿನ ಬುಡಕ್ಕೇ ಮುರಿಯಿತು. ಗಟ್ಟಿ ಮಾಡಿದ ಉಕ್ಕು ಪ್ಲೇಟಿಂಗ್ ವೇಳೆ ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತದೆ. ತೊಟ್ಟಿಯಿಂದ ತೆಗೆದ ಕೆಲವೇ ಗಂಟೆಯೊಳಗೆ 190-200 ಡಿಗ್ರಿಯಲ್ಲಿ ಬೇಕಿಂಗ್ ಮಾಡಬೇಕು. ಮಾಡಿದ್ದಾರಾ ಎಂದು ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಎಲೆಕ್ಟ್ರೋಲೆಸ್ ನಿಕಲ್‌ಗೆ ಕರೆಂಟು ಬೇಡ, 85-90 ಡಿಗ್ರಿಯ ದ್ರಾವಣ ಸಾಕು. ಹಾಗಾಗಿ ಥ್ರೆಡ್, ಬೋರ್, ಕೀವೇ ಎಲ್ಲ ಕಡೆಯೂ ಒಂದೇ ದಪ್ಪ. ರಂಧ್ರ ಕೊರೆದ ರೋಲರುಗಳಲ್ಲಿ ಕೊಯ್ಲು ಮುಗಿದರೂ ಕಲೆ ಇರಲಿಲ್ಲ. ಫಾಸ್ಫರಸ್ 10 ಶೇಕಡಾ ದಾಟಿದ ಬಗೆ ತುಕ್ಕಿಗೆ ಒಳ್ಳೆಯದು, ಗಡಸುತನ 500 ವಿಕರ್ಸ್ ಆಸುಪಾಸು. 400 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಕ್ರೋಮಿನ ಹತ್ತಿರಕ್ಕೆ ಹೋಗುತ್ತದೆ ನಿಜ. ಆದರೆ ಪದರ ಕುಗ್ಗಿ ಬಿರಿದು, ತುಕ್ಕು ತಡೆಯುವ ಗುಣ ಇಳಿದುಹೋಗುತ್ತದೆ. ಎರಡೂ ಪೂರ್ತಿಯಾಗಿ ಬೇಕೆಂದರೆ ಸಿಗದು. ಬ್ಲೇಡಿನ ಅಂಚಿನಲ್ಲಿ, ಕಾಯಿಸದೆ ಹಾಕಿದ್ದು ಸವೆದುಹೋಯಿತು.

ಬ್ಲೇಡಿಗೆ ನನ್ನ ಓಟು ಸಾಲ್ಟ್ ಬಾತ್ ನೈಟ್ರೈಡಿಂಗಿಗೆ, ಅದರಲ್ಲೂ ಕ್ಯೂಪಿಕ್ಯೂಗೆ (ಕ್ವೆಂಚ್-ಪಾಲಿಶ್-ಕ್ವೆಂಚ್). ಅಮೋನಿಯಾ ಗ್ಯಾಸಿನ ನೈಟ್ರೈಡಿಂಗ್ ದಿನಗಟ್ಟಲೆ ಹಿಡಿಯುತ್ತದೆ. ಕರಗಿದ ಉಪ್ಪಿನ ತೊಟ್ಟಿಯಲ್ಲಿ 570-580 ಡಿಗ್ರಿಗೆ ಒಂದೆರಡು ಗಂಟೆ ಸಾಕು. ಆಮೇಲೆ ಆಕ್ಸೈಡ್ ತೊಟ್ಟಿ, ಪಾಲಿಶ್, ಮತ್ತೆ ಆಕ್ಸೈಡ್ ತೊಟ್ಟಿ. ಬಣ್ಣ ಕಪ್ಪು. ಇದು ಮೇಲೆ ಹಚ್ಚಿದ ಲೇಪವಲ್ಲ, ನೈಟ್ರೋಜನ್ ಉಕ್ಕಿನೊಳಗೇ ಇಳಿದು 10-20 ಮೈಕ್ರಾನ್ ಗಟ್ಟಿ ಚರ್ಮ ಕಟ್ಟುತ್ತದೆ. ಹಾಗಾಗಿ ಹೆಕ್ಕಳೆ ಏಳುವ ಮಾತಿಲ್ಲ. ಇಎನ್19ರಲ್ಲಿ (ಕ್ರೋಮ್-ಮಾಲಿಬ್ಡಿನಮ್ ಉಕ್ಕು) ವಿಕರ್ಸ್ ಸಂಖ್ಯೆ ಕ್ರೋಮಿಗಿಂತ ಕಡಿಮೆಯೇ. ಆದರೂ ನಮ್ಮ ಬ್ಲೇಡಿನ ಅಂಚು ಕ್ರೋಮಿನದಕ್ಕಿಂತ ಹೆಚ್ಚು ದಿನ ನಿಂತಿತು, ಅಡಿಕೆಗೆ ಕಲೆಯೂ ಹತ್ತಲಿಲ್ಲ. ಗಿರಾಕಿಗಳು ಮಾತ್ರ ‘ಹೊಳೆಯಲ್ಲವಲ್ಲ ಸಾರ್’ ಅನ್ನುತ್ತಾರೆ.

ಒಳಗಿನ ಉಕ್ಕು ಯಾವುದೆಂದು ನೋಡದೆ ಇದನ್ನು ಮಾಡಿಸಬೇಡಿ. ಇಎನ್45 ಅನ್ನುವ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನು 450 ಡಿಗ್ರಿಯಲ್ಲಿ ಟೆಂಪರ್ (ಗಟ್ಟಿ ಮಾಡಿದ ಮೇಲೆ ಪೆಡಸು ಇಳಿಸಲು ಮತ್ತೆ ಕಾಯಿಸುವುದು) ಮಾಡಿದ್ದರೆ, 570ರ ತೊಟ್ಟಿಗೆ ಇಳಿಸಿದೊಡನೆ ಒಳಗೆ ಮೆತ್ತಗಾಗುತ್ತದೆ. 600ರ ಹತ್ತಿರ ಟೆಂಪರ್ ಆದ ಇಎನ್19 ಆದರೆ ಈ ತೊಂದರೆಯಿಲ್ಲ. ಅಂಚು ತೀರಾ ತೆಳ್ಳಗಿದ್ದರೆ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಡಬಾರದು, ಚೂರು ಚೂರಾಗಿ ಉದುರುತ್ತದೆ.

ದರದ ಲೆಕ್ಕವೂ ಬೇರೆ ಬೇರೆ. ನಮಗೆ ಕ್ರೋಮಿಗೆ ಅಳತೆ ಮತ್ತು ದಪ್ಪದ ಮೇಲೆ ಬಿಲ್ ಹಾಕಿದರು, ನೈಟ್ರೈಡಿಂಗಿಗೆ ಕಿಲೋ ಮೇಲೆ. ಹಗುರ ಬ್ಲೇಡಿಗೆ ನೈಟ್ರೈಡಿಂಗ್ ಅಗ್ಗವಾಯಿತು, ಭಾರದ ರೋಲರಿಗೆ ಆಗಲಿಲ್ಲ. ಶಾಫ್ಟನ್ನೂ ನೈಟ್ರೈಡಿಂಗಿಗೆ ಕಳಿಸುವುದಾದರೆ ಬೇರಿಂಗ್ ಸೀಟನ್ನು ಕೆಲವು ಮೈಕ್ರಾನ್ ಸಣ್ಣಗೆ ಗ್ರೈಂಡ್ ಮಾಡಿ ಕಳಿಸಿ, ತೊಟ್ಟಿಯಲ್ಲಿ ಉಕ್ಕು ಸ್ವಲ್ಪ ಊದುತ್ತದೆ. ವಾಪಸ್ ಬಂದಮೇಲೆ ಗ್ರೈಂಡ್ ಮಾಡಿದರೆ ದುಡ್ಡು ಕೊಟ್ಟು ಹಾಕಿಸಿದ ಚರ್ಮವೇ ಹೋಗುತ್ತದೆ.