ಏರ್ ಗನ್‌ಗೆ ಲೈಸೆನ್ಸ್ ಬೇಡ ಎಂದು ನಂಬಿ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಕಡಿಮೆ ದುಡ್ಡಿಗೆ ಒಂದು ಏರ್ ಗನ್ ತಗೊಂಡು ಹಿತ್ತಲಲ್ಲಿ ಗುರಿ ಹೊಡೆಯೋಣ ಎಂದುಕೊಂಡಿರುವವರು ದಯವಿಟ್ಟು ಐದು ನಿಮಿಷ ಕೊಡಿ. ನನ್ನ ಒಂಬತ್ತೂವರೆ ಸಾವಿರ ರೂಪಾಯಿ ಹೋಯಿತು. ದುಡ್ಡು ಹೋಗಲಿ ಬಿಡಿ, ಅಕ್ಕನ ಮಗನ ಕಣ್ಣು ಒಂದು ಬೆರಳಿನ ಅಂತರದಲ್ಲಿ ಉಳಿಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾನಿರುವುದು ಮೈಸೂರಿನಲ್ಲಿ. ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಕೊಡವರು ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ಕೊಡಗಿನ ಗೋಣಿಕೊಪ್ಪದ ಗೆಳೆಯ ಕರೆದಿದ್ದ. ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದೆ. 12 ಬೋರ್ ಕೋವಿ, ಪಾಯಿಂಟ್ 22 ರೈಫಲ್, ಏರ್ ಗನ್ ಎಂದು ಬೇರೆ ಬೇರೆ ವಿಭಾಗ. ಸೀರೆ ಉಟ್ಟ ಅಜ್ಜಿಯೊಬ್ಬರು ಬಂದು, ಕೋವಿಯನ್ನು ಭುಜಕ್ಕೆ ಕೊಟ್ಟು, ಉಸಿರು ಬಿಟ್ಟು, ಒಂದೇ ಏಟಿಗೆ ಕಾಯಿ ಒಡೆದರು. ಅವತ್ತೇ ನನಗೆ ಈ ಹುಚ್ಚು ಹಿಡಿಯಿತು. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ ಬಂದದ್ದು. ನನ್ನಂಥವರಿಗೆ ಅದಿಲ್ಲ. ಪಾಯಿಂಟ್ 22 ರೈಫಲ್ ಬೇಕೆಂದರೆ ಅರ್ಜಿ, ಪೊಲೀಸ್ ವಿಚಾರಣೆ, ಲೈಸೆನ್ಸ್, ಎಲ್ಲ ಆಗಬೇಕು. ಹಾಗಾಗಿ ಏರ್ ಗನ್ ಸಾಕು ಎಂದು ತೀರ್ಮಾನ ಮಾಡಿದೆ. ಆ ತೀರ್ಮಾನದಲ್ಲಿ ತಪ್ಪಿರಲಿಲ್ಲ. ಕೊಂಡ ರೀತಿಯಲ್ಲಿ ತಪ್ಪಿತ್ತು.

ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ನಳಿಕೆ ಬಗ್ಗಿಸಿ ಲೋಡ್ ಮಾಡುವ ಸ್ಪ್ರಿಂಗ್ ಗನ್, ಜೊತೆಗೆ ಸ್ಕೋಪ್ (ಗುರಿ ನೋಡುವ ದುರ್ಬೀನು), ಒಂದು ಡಬ್ಬಿ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು. 'ಸೆಕೆಂಡಿಗೆ 1200 ಅಡಿ ವೇಗ, ಏರ್ ಗನ್ ಆದ್ದರಿಂದ ಲೈಸೆನ್ಸ್ ಬೇಕಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಬೋರ್, ಅಂದರೆ ನಳಿಕೆಯ ಒಳಗಿನ ಅಗಲ, ಎಷ್ಟು ಎಂದು ಎಲ್ಲೂ ಇರಲಿಲ್ಲ, ನಾನೂ ಕೇಳಲಿಲ್ಲ. ಬಿಲ್ ಕೇಳಿದ್ದಕ್ಕೆ 'ಬಿಲ್ ಹಾಕಿದರೆ ರೇಟ್ ಜಾಸ್ತಿ ಆಗುತ್ತೆ ಸಾರ್' ಎಂದ. ಫೋನಿನಲ್ಲೇ ದುಡ್ಡು ಹಾಕಿದೆ.

ಮೊದಲ ವಾರ ಹತ್ತು ಮೀಟರಿನಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟು ಹೊಡೆದೆ. ಒಂದು ಏಟು ಎಡಕ್ಕೆ, ಇನ್ನೊಂದು ಮೇಲಕ್ಕೆ. ನನ್ನ ಕೈಯೇ ಸರಿಯಿಲ್ಲ ಎಂದು ಸ್ಕೋಪಿನ ತಿರುಪು ತಿರುಗಿಸಿದ್ದೇ ತಿರುಗಿಸಿದ್ದು. ಮೂರನೇ ವಾರ ಸ್ಕೋಪಿನ ಒಳಗಿನ ಗೆರೆ ವಾಲಿಕೊಂಡಿತು. ಕಾರಣ ಆಮೇಲೆ ತಿಳಿಯಿತು. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ ಒದೆಯುತ್ತದೆ, ಒಳಗೆ ಗಾಳಿ ಒತ್ತುವ ಪಿಸ್ಟನ್ ಹೋಗಿ ನಿಂತ ಕ್ಷಣ ಮತ್ತೆ ಮುಂದಕ್ಕೆ ಜಗ್ಗುತ್ತದೆ. ಎರಡೂ ಕಡೆಯ ಏಟು ತಡೆಯುವಂತೆ ಮಾಡಿದ ಸ್ಕೋಪ್ ಬೇಕು, ಕಾಂಬೋದಲ್ಲಿ ಬರುವ ಅಗ್ಗದ್ದು ತಡೆಯುವುದಿಲ್ಲ. ಜೊತೆಗೆ ನಳಿಕೆ ಮಡಚುವ ಜಾಗದ ಬೋಲ್ಟ್ ಸಡಿಲವಾಗಿತ್ತು. ಹಾಗಾಗಿ ಪ್ರತಿ ಸಲ ಲೋಡ್ ಮಾಡಿದಾಗಲೂ ನಳಿಕೆ ಕೂದಲೆಳೆಯಷ್ಟು ಬೇರೆ ಕಡೆ ಕೂರುತ್ತಿತ್ತು. ಕೊಳ್ಳುವಾಗ ಗನ್ ಖಾಲಿ ಇದೆ ಎಂದು ಖಚಿತ ಮಾಡಿಕೊಂಡು ನಳಿಕೆಯನ್ನು ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಒಂದಿಷ್ಟು ಆಡಿದರೂ ಬೇಡ.

ಮಾರಿದವನಿಗೆ ಫೋನ್ ಮಾಡಿದೆ. 'ಪವರ್ ಕಮ್ಮಿಯಾಗಿದೆ, ಹೊಲಿಗೆ ಮಷೀನಿನ ಎಣ್ಣೆ ನಾಲ್ಕು ಹನಿ ಒಳಗೆ ಬಿಡಿ' ಎಂದ. ಬಿಟ್ಟೆ. ಮುಂದಿನ ಏಟಿಗೆ ಪಟಾಕಿಯಂಥ ಸದ್ದು, ನಳಿಕೆಯಿಂದ ಬಿಳಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಒಳಗೆ ಒತ್ತಿದ ಗಾಳಿ ಕಾದು ಎಣ್ಣೆಗೆ ಬೆಂಕಿ ಹತ್ತಿತ್ತು, ಡೀಸೆಲ್ ಎಂಜಿನ್ನಿನಲ್ಲಿ ಆಗುವ ಹಾಗೆ. ಪವರ್ ಬಂತೆಂದು ಖುಷಿಪಟ್ಟು ಇನ್ನೂ ನಾಲ್ಕು ಹೊಡೆದೆ. ಪಿಸ್ಟನ್ ವಾಷರ್ ಅಲ್ಲಿಗೆ ಹಾಳಾಗಿತ್ತು ಎಂಬುದು ಬಿಚ್ಚಿದ ಮೇಲೆ ಗೊತ್ತಾಯಿತು. ಒಳಗೆ ಎಣ್ಣೆ ಬಿಡಬೇಡಿ, ಯಾರೇ ಹೇಳಲಿ.

ಆ ನಾಲ್ಕರಲ್ಲಿ ಕೊನೆಯದು ರಟ್ಟನ್ನು ತೂರಿ ಹಿಂದಿನ ಸೈಜುಗಲ್ಲಿನ ಕಾಂಪೌಂಡಿಗೆ ಬಡಿಯಿತು. ಅಕ್ಕನ ಮಗ, ಹನ್ನೊಂದು ವರ್ಷ, ನನ್ನ ಹಿಂದೆಯೇ ನಿಂತಿದ್ದ. 'ಮಾಮಾ' ಎಂದು ಕೂಗಿ ಮುಖ ಮುಚ್ಚಿಕೊಂಡ. ಕೈ ತೆಗೆಸಿ ನೋಡಿದರೆ ಎಡಗಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ ಕಡಲೆಕಾಳಿನಷ್ಟು ಕೆಂಪು ಗಾಯ, ರಕ್ತ ಸಣ್ಣಗೆ ಇಳಿಯುತ್ತಿತ್ತು. ಕಾಲಬಳಿ ಚಪ್ಪಟೆಯಾದ ಸೀಸದ ಬಿಲ್ಲೆ ಬಿದ್ದಿತ್ತು. ಕಣ್ಣು ಕಾಯುವ ಕನ್ನಡಕ ಇರಲಿಲ್ಲ, ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅಕ್ಕ ಒಂದು ಮಾತೂ ಆಡಲಿಲ್ಲ. ಅದು ಬೈದಿದ್ದಕ್ಕಿಂತ ಜಾಸ್ತಿ ನೋವಾಯಿತು.

ಅದಾದ ಮೇಲೆ ಅದನ್ನು ಸರಿಮಾಡಿಸಬೇಕೋ ಬಿಸಾಡಬೇಕೋ ಎಂದು ಕೇಳಲು ಹಳೆಯ ಕೋವಿ ಅಂಗಡಿಯೊಂದಕ್ಕೆ ಪೆಲೆಟ್ ಡಬ್ಬಿ ಮತ್ತು ಗನ್ನಿನ ಫೋಟೊ ತಗೊಂಡು ಹೋದೆ. ಅಲ್ಲಿನ ಹಿರಿಯರು ಒಂದು ಪೆಲೆಟ್ ಅಂಗೈಯಲ್ಲಿಟ್ಟು ನೋಡಿ, 'ಇದು ನಾಲ್ಕೂವರೆ ಅಲ್ಲಪ್ಪ, ಐದೂವರೆ. ಲೈಸೆನ್ಸ್ ಇದೆಯಾ?' ಎಂದರು. ಎದೆ ಧಸಕ್ಕೆಂದಿತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರ್ 4.5 ಮಿಲಿಮೀಟರ್, ಅಂದರೆ ಪಾಯಿಂಟ್ 177 ಇಂಚು ಮೀರಬಾರದು, ಪೆಲೆಟ್ ನಳಿಕೆಯಿಂದ ಹೊರಬೀಳುವ ಶಕ್ತಿ 20 ಜೂಲ್ ಮೀರಬಾರದು. ಎರಡರಲ್ಲಿ ಒಂದು ಮೀರಿದರೂ ಏರ್ ಗನ್ನಿಗೂ ಲೈಸೆನ್ಸ್ ಬೇಕು. ನನ್ನದು 5.5 ಮಿಲಿಮೀಟರ್, ಪಾಯಿಂಟ್ 22. ಅವರು ಚೀಟಿಯ ಮೇಲೆ ಲೆಕ್ಕವನ್ನೂ ಮಾಡಿ ತೋರಿಸಿದರು. ಸುಮಾರು 0.9 ಗ್ರಾಂ ತೂಕದ ಆ ಪೆಲೆಟ್ ನಿಜವಾಗಿ 1200 ಅಡಿ ವೇಗದಲ್ಲಿ ಹೋದರೆ 60 ಜೂಲ್ ಆಗುತ್ತದೆ, ಮಿತಿಯ ಮೂರು ಪಟ್ಟು. ಅಂದರೆ ಜಾಹೀರಾತು ಒಂದೋ ಸುಳ್ಳು, ಇಲ್ಲವೋ ಕಾನೂನುಬಾಹಿರ. ಮರುದಿನವೇ ವಕೀಲರೊಬ್ಬರನ್ನು ಕರೆದುಕೊಂಡು ಹೋಗಿ, ಎಲ್ಲ ಬರೆದುಕೊಟ್ಟು, ಗನ್ನನ್ನು ಠಾಣೆಗೆ ಒಪ್ಪಿಸಿದೆ. ಮಾರಿದವನ ನಂಬರ್ ಅಷ್ಟರಲ್ಲಿ ಸ್ವಿಚ್ ಆಫ್.

ವೇಗದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿ. ಆ ಸ್ಪರ್ಧೆಯ ಗುರಿಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಅಂಥ ರೈಫಲುಗಳ ವೇಗ ಸೆಕೆಂಡಿಗೆ 600 ಅಡಿಯ ಒಳಗೇ ಇರುತ್ತದೆ! ಪೆಲೆಟ್ ಸದ್ದಿನ ವೇಗದ ಹತ್ತಿರ ಹೋದಷ್ಟೂ ಓಲಾಡುತ್ತದೆ, ಗುರಿ ಕೆಡುತ್ತದೆ. ಕಾಗದಕ್ಕೆ ಹೊಡೆಯುವವರಿಗೆ ವೇಗ ಯಾಕೆ ಬೇಕು ಹೇಳಿ?

ಈಗ ನನ್ನ ಹತ್ತಿರ ಇರುವುದು ಅದೇ ಅಂಗಡಿಯಿಂದ ಗುರುತಿನ ಚೀಟಿ ಕೊಟ್ಟು, ಬಿಲ್ ಹಾಕಿಸಿಕೊಂಡು ತಂದ ಪಾಯಿಂಟ್ 177. ಸ್ಕೋಪ್ ಇಲ್ಲ, ಬರೀ ಓಪನ್ ಸೈಟ್, ಅಂದರೆ ಗನ್ನಿನ ಮೇಲೆಯೇ ಇರುವ ಗುರಿಗುರುತು. ಕೊಳ್ಳುವ ಮುಂಚೆ ಒಂದು ರೈಫಲ್ ಕ್ಲಬ್ಬಿಗೆ ನಾಲ್ಕು ಭಾನುವಾರ ಹೋಗಿ ಅವರದೇ ಗನ್ನಿನಲ್ಲಿ ಹೊಡೆದು ಕಲಿತೆ. ಮುಂದಿನ ಕೈಯಿಂದ ಗನ್ನನ್ನು ಬಿಗಿಯಾಗಿ ಹಿಡಿಯಬಾರದು, ಅಂಗೈ ಮೇಲೆ ಸುಮ್ನೆ ಕೂರಿಸಬೇಕು ಎಂದು ಅಲ್ಲಿ ಹೇಳಿಕೊಟ್ಟರು. ಅಷ್ಟಕ್ಕೇ ಏಟುಗಳು ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಂದವು. ಮೂತಿ ಚಪ್ಪಟೆ ಇರುವ ಪೆಲೆಟ್ ತಗೊಳ್ಳಿ, ಕಾಗದದಲ್ಲಿ ದುಂಡಗೆ ತೂತು ಬೀಳುತ್ತದೆ, ಲೆಕ್ಕ ಹಾಕಲು ಸುಲಭ. ಗುರಿಯ ಹಿಂದೆ ಮರದ ಪೆಟ್ಟಿಗೆ ಇಟ್ಟಿದ್ದೇನೆ, ಒಳಗೆ ಹಳೇ ಬಟ್ಟೆ ಬಿಗಿಯಾಗಿ ತುರುಕಿ, ಬೆನ್ನಿಗೆ ದಪ್ಪ ಕಬ್ಬಿಣದ ತಗಡು ಕೊಟ್ಟಿದ್ದೇನೆ. ತಿಂಗಳಿಗೊಮ್ಮೆ ಬಟ್ಟೆ ಬದಲಾಯಿಸಿ, ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುತ್ತೇನೆ. ಹಕ್ಕಿ, ಕೋತಿ, ಅಳಿಲು ಯಾವುದಕ್ಕೂ ಎತ್ತಿಲ್ಲ, ಎತ್ತುವುದೂ ಇಲ್ಲ.

ಅಕ್ಕನ ಮಗ ಹೋದ ತಿಂಗಳು ಮತ್ತೆ ಬಂದಿದ್ದ. ಬಾಗಿಲ ಹಿಂದಿನ ಮೊಳೆಯಲ್ಲಿ ಕಣ್ಣು ಕಾಯುವ ಎರಡು ಕನ್ನಡಕ ನೇತುಹಾಕಿದ್ದೇನೆ. ನಾನು ಹೇಳುವ ಮುಂಚೆಯೇ ಒಂದನ್ನು ಹಾಕಿಕೊಂಡು, ಇನ್ನೊಂದನ್ನು ನನ್ನ ಕೈಗೆ ಕೊಟ್ಟ.