ಹಳೆ ಜೀಪಿಗೆ ಕ್ರಾಸ್ ಹಾಕಿಸುವವರು ಇದನ್ನೊಮ್ಮೆ ಓದಿ

ಕೊಡಗಿನಲ್ಲಿ ಹಳೆ ಜೀಪು ಇಟ್ಟುಕೊಂಡವರಿಗೆ, ಅದರಲ್ಲೂ ತೋಟದ ಕೆಲಸಕ್ಕೋ ಬಾಡಿಗೆಗೋ ದಿನಾ ಓಡಿಸುವವರಿಗೆ ಒಂದು ಮಾತು. ಇಂಜಿನ್ನಿನ ಶಕ್ತಿಯನ್ನು ಚಕ್ರಗಳ ಕಡೆಗೆ ಒಯ್ಯುವ ಉದ್ದ ಶಾಫ್ಟು ಪ್ರೊಪೆಲ್ಲರ್ ಶಾಫ್ಟು, ಅದು ಓರೆಯಲ್ಲೂ ತಿರುಗುವಂತೆ ತುದಿಗಳಲ್ಲಿ ಜೋಡಿಸಿದ ಕೂಡಿಸುವ ಚಿಹ್ನೆಯಂಥ ತುಂಡು ಕ್ರಾಸ್. ಈ ಕ್ರಾಸ್ ಬದಲಾಯಿಸಲು ಕೊಟ್ಟರೆ ಗಾಡಿ ಬಿಟ್ಟು ಹೋಗಬೇಡಿ, ಕೆಲಸ ಮುಗಿಯುವ ತನಕ ಪಕ್ಕದಲ್ಲೇ ನಿಂತಿರಿ. ಚಿಕ್ಕ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಅದು ಕೆಟ್ಟರೆ ಘಾಟಿಯಲ್ಲಿ ಏನಾಗುತ್ತದೆ ಅನ್ನುವುದನ್ನು ನಮ್ಮ ಮನೆಯವರೆಲ್ಲ ಕಣ್ಣಾರೆ ಕಂಡಿದ್ದೇವೆ.

ನಮ್ಮ ಜೀಪಿನಲ್ಲಿ ರಿವರ್ಸಿನಿಂದ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಕೆಳಗೆ ಟಣ್ ಅನ್ನುತ್ತಿತ್ತು. ನಿಧಾನ ಹೋಗುವಾಗ ಹಿಂದಿನಿಂದ ಕೀಚ್ ಕೀಚ್ ಸದ್ದು. ಕ್ರಾಸಿನ ನಾಲ್ಕು ತುದಿಗೂ ಟೋಪಿಯ ಹಾಗೆ ಕೂರುವ ಕಪ್ಪಿನೊಳಗೆ ಗ್ರೀಸ್ ಒಣಗಿ, ಅಲ್ಲಿ ಸಾಲಾಗಿ ನಿಂತ ಸೂಜಿಯಂಥ ಉರುಳೆಗಳು, ಅಂದರೆ ಸೂಜಿ ಬೇರಿಂಗ್, ತುಕ್ಕು ಹಿಡಿದರೆ ಹೀಗೇ ಆಗುವುದು. ಬಗ್ಗಿ ನೋಡಿದರೆ ಕಪ್ಪಿನ ಅಂಚಿನಲ್ಲಿ ಕೆಂಪು ಪುಡಿಯೂ ಇತ್ತು. ತಡ ಮಾಡದೆ ವರ್ಕ್‌ಶಾಪಿಗೆ ಕೊಟ್ಟೆವು. ಸಂಜೆ ಹೋದಾಗ ಹಿಂದಿನ ಶಾಫ್ಟಿನ ಎರಡೂ ಕ್ರಾಸ್ ಹೊಸದು ಹಾಕಿದ್ದೇವೆ ಅಂದರು. ಸದ್ದು ನಿಂತಿತ್ತು ನಿಜ. ಆದರೆ ಮೊದಲು ಇಲ್ಲದ ಒಂದು ನಡುಕ ಸೀಟಿನ ಕೆಳಗೆ ಶುರುವಾಗಿತ್ತು, ಸ್ಪೀಡ್ ಏರಿದಷ್ಟೂ ಜಾಸ್ತಿ. ವಾಪಸ್ ಹೋಗಿ ಕೇಳಿದರೆ, "ಟೈರ್ ಬ್ಯಾಲೆನ್ಸ್ ಮಾಡಿಸಿ ಸರ್, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ" ಅಂತ ಕಳಿಸಿದರು.

ಟೈರ್ ಅಂಗಡಿಗೆ ಹೋಗುವ ಮೊದಲೇ ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯಬೇಕಾಗಿ ಬಂತು. ಮದೆನಾಡು ದಾಟಿ ಇಳಿಜಾರಿನಲ್ಲಿ ಸೆಕೆಂಡ್ ಗೇರಿನಲ್ಲಿದ್ದೆವು. ಒಮ್ಮೆಲೇ ಢಣ್ ಅಂತ ಅಡಿಗೆ ಬಡಿದ ಸದ್ದು, ಮತ್ತೆ ನಿಲ್ಲದ ಬಡಿತ. ಶಾಫ್ಟಿನ ಹಿಂದಿನ ತುದಿ ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್ ಬಿಟ್ಟು ಕೆಳಗೆ ಬಿದ್ದಿತ್ತು. ಗೇರಿನ ಹಿಡಿತ ಅಲ್ಲಿಗೇ ಹೋಯಿತು, ಗಾಡಿ ಸಲೀಸಾಗಿ ಉರುಳತೊಡಗಿತು. ಬಡಿಯುತ್ತಿದ್ದ ಶಾಫ್ಟು ಬ್ರೇಕ್ ಪೈಪಿಗೆ ತಾಗದೇ ಇದ್ದದ್ದು ನಮ್ಮ ಪುಣ್ಯ. ಕಾಲಿನ ಬ್ರೇಕಿನಲ್ಲಿ ಬದಿಗೆ ತಂದು ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದರೆ ಹಿಡಿಯಲೇ ಇಲ್ಲ. ಭಾವ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡುವ ತನಕ ನಾನು ಪೆಡಲಿನಿಂದ ಕಾಲು ತೆಗೆಯುವ ಹಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು.

ಹ್ಯಾಂಡ್ ಬ್ರೇಕ್ ಯಾಕೆ ಹಿಡಿಯಲಿಲ್ಲ ಅನ್ನುವುದನ್ನು ದಯವಿಟ್ಟು ಗಮನಿಸಿ. ಹಳೆ ಜೀಪುಗಳಲ್ಲಿ ಎಷ್ಟೋ ಗಾಡಿಗಳಿಗೆ ಹ್ಯಾಂಡ್ ಬ್ರೇಕಿನ ಡ್ರಮ್ ಚಕ್ರದಲ್ಲಿಲ್ಲ, ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇದೆ. ಅದು ಹಿಡಿಯುವುದು ಶಾಫ್ಟನ್ನು. ಶಾಫ್ಟು ಕಳಚಿದ ಮೇಲೆ ಅದಕ್ಕೂ ಹಿಂದಿನ ಚಕ್ರಕ್ಕೂ ಸಂಬಂಧವೇ ಉಳಿಯುವುದಿಲ್ಲ. ಇಂಜಿನ್ ಹಿಡಿತ, ಹ್ಯಾಂಡ್ ಬ್ರೇಕ್ ಎರಡೂ ಒಂದೇ ಏಟಿಗೆ ಹೋಗುತ್ತವೆ. ಮಂಡಲಪಟ್ಟಿಗೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವವರು ನಿಮ್ಮ ಗಾಡಿಯ ಡ್ರಮ್ ಎಲ್ಲಿದೆ ಅಂತ ಇವತ್ತೇ ಬಗ್ಗಿ ನೋಡಿ.

ಶಾಫ್ಟನ್ನು ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಬಿಚ್ಚಿಸಿದೆವು. ಕಪ್ಪಿನೊಳಗೆ ಒಂದು ಸೂಜಿ ಅಡ್ಡ ಬಿದ್ದಿತ್ತು. ಸೂಜಿ ಅಡ್ಡ ಬಿದ್ದರೆ ಕಪ್ ಪೂರ್ತಿ ಒಳಗೆ ಹೋಗುವುದಿಲ್ಲ, ಕಪ್ ಹೊರಗೆ ಜಾರದಂತೆ ತಡೆಯುವ ಕ್ಲಿಪ್, ಅಂದರೆ ಲಾಕ್, ಕೂರಬೇಕಾದ ಗ್ರೂವ್ ಕಾಣಿಸುವುದಿಲ್ಲ. ಆಗ ಬಿಚ್ಚಿ ಸೂಜಿ ನಿಲ್ಲಿಸಿ ಮತ್ತೆ ಒತ್ತಬೇಕು. ಮೊದಲಿನ ವರ್ಕ್‌ಶಾಪಿನವರು ಸುತ್ತಿಗೆಯಲ್ಲಿ ಬಡಿದು ಬಡಿದು ಒಳಗೆ ಕಳಿಸಿ, ಲಾಕನ್ನು ಅರ್ಧಂಬರ್ಧ ಸಿಕ್ಕಿಸಿದ್ದರು. ಕ್ರಾಸನ್ನು ಹಿಡಿದಿರುವ ಕವೆ, ಅಂದರೆ ಯೋಕಿನ ಕಿವಿಯ ಮೇಲೆ ಏಟಿನ ಗುರುತುಗಳು ಹಾಗೇ ಇದ್ದವು. ಲಾಕ್ ಹಾರಿದ ಮೇಲೆ ಕಪ್ ಮೆಲ್ಲಗೆ ಹೊರಗೆ ಜಾರಿದೆ, ಅಷ್ಟೇ.

ನಡುಕಕ್ಕೆ ಕಾರಣ ಬೇರೆ. ಶಾಫ್ಟು ನಡುವೆ ಸ್ಪ್ಲೈನಿನಲ್ಲಿ, ಅಂದರೆ ಒಂದರೊಳಗೊಂದು ಕೂರುವ ಹಲ್ಲುಗಳಿರುವ ಕಡೆ, ಎರಡು ತುಂಡಾಗಿ ಬರುತ್ತದೆ. ಜೋಡಿಸುವಾಗ ಎರಡೂ ತುದಿಯ ಯೋಕ್ ಒಂದೇ ನೇರಕ್ಕೆ ಇರಬೇಕು. ಓರೆಯಲ್ಲಿ ತಿರುಗುವ ಕ್ರಾಸು ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚು ಕಮ್ಮಿ ಮಾಡುತ್ತದೆ, ಇನ್ನೊಂದು ತುದಿಯ ಕ್ರಾಸು ಅದನ್ನು ಸರಿದೂಗಿಸುತ್ತದೆ. ಯೋಕ್ ತಪ್ಪಿ ಕೂತರೆ ಸರಿದೂಗುವ ಬದಲು ನಡುಕ ಏಳುತ್ತದೆ, ಹೊಸ ಕ್ರಾಸೂ ಬೇಗ ಸವೆಯುತ್ತದೆ. ನಮ್ಮದನ್ನು ತಪ್ಪಾಗಿಯೇ ಕೂರಿಸಿದ್ದರು. ಬಿಚ್ಚುವ ಮೊದಲು ಚಾಕ್‌ಪೀಸಿನಲ್ಲಿ ಒಂದು ಗೀಟು ಎಳೆದಿದ್ದರೆ ಸಾಕಿತ್ತು. ಹಾಗಾಗಿ ಕ್ರಾಸ್ ಹಾಕಿದ ಮೇಲೆ ಹೊಸದಾಗಿ ನಡುಕ ಬಂದರೆ ಟೈರಿನ ಮಾತು ನಂಬಬೇಡಿ, ಮೊದಲು ಶಾಫ್ಟು ನೋಡಿಸಿ.

ಪಕ್ಕದಲ್ಲಿ ನಿಂತಾಗ ನೋಡಬೇಕಾದ್ದು ಇಷ್ಟು. ಕಪ್ಪನ್ನು ಬೆಂಚ್ ವೈಸಿನಲ್ಲೋ ಪ್ರೆಸ್ಸಿನಲ್ಲೋ ಒತ್ತಲಿ. ನಾಲ್ಕೂ ಲಾಕ್ ಸುತ್ತಲೂ ಗ್ರೂವಿನಲ್ಲಿ ಕೂತಿವೆಯಾ ಅಂತ ಟಾರ್ಚ್ ಹಿಡಿದು ನೋಡಿ. ನಮ್ಮ ಥರ ಡಿಫರೆನ್ಷಿಯಲ್ ಕಡೆ ಎರಡು ಕಪ್ಪಿಗೆ ಯು-ಬೋಲ್ಟ್ ಇರುವ ಗಾಡಿಯಾದರೆ ಬೋಲ್ಟಿನ ಥ್ರೆಡ್ ಸವೆದಿದೆಯಾ ಅಂತ ಕೇಳಿ, ಸವೆದಿದ್ದರೆ ಹೊಸದೇ ಹಾಕಿಸಿ. ಜೋಡಿಸಿದ ಕ್ರಾಸು ಕೈಯಲ್ಲಿ ಎಲ್ಲಾ ಕಡೆಗೂ ಒಂದೇ ಸಮ ತಿರುಗಬೇಕು, ಎಲ್ಲೂ ಹಿಡಿಯಬಾರದು. ನಿಪ್ಪಲ್ ಗ್ರೀಸ್ ಗನ್ನಿಗೆ ಎಟಕುವ ಕಡೆ ಇರಲಿ, ಇಲ್ಲದಿದ್ದರೆ ಮುಂದೆ ಯಾರೂ ಗ್ರೀಸ್ ಹೊಡೆಯುವುದಿಲ್ಲ. ಹೊಡೆಯುವಾಗ ನಾಲ್ಕೂ ಕಪ್ಪಿನ ಸೀಲಿನಿಂದ ಹೊಸ ಗ್ರೀಸ್ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದು ಒಣಗಿಯೇ ಇರುತ್ತದೆ.

ನಮ್ಮ ಮಳೆಗಾಲಕ್ಕೆ ಇನ್ನೊಂದು ಮಾತು. ತೋಡು ದಾಟಿದ ಮೇಲೆ, ಭಾಗಮಂಡಲದ ಕಡೆ ರಸ್ತೆಗೆ ಹೊಳೆ ನೀರು ಬಂದಾಗ ಓಡಿಸಿದ ಮೇಲೆ, ಮುಂದಿನ ಸರ್ವೀಸಿಗೆ ಕಾಯದೆ ಗ್ರೀಸ್ ಹೊಡೆಸಿ. ನೀರು ಒಳಗೆ ಹೋಗಿದ್ದರೆ ಹಳೆ ಗ್ರೀಸು ಬೆಳ್ಳಗಾಗಿ ಹೊರಗೆ ಬರುತ್ತದೆ. ಶುದ್ಧ ಬಣ್ಣ ಬರುವ ತನಕ ಒತ್ತಿಸಿ.

ನಾವೀಗ ಸೀಟಿನ ಕೆಳಗೆ ಚಕ್ರಕ್ಕೆ ಕೊಡಲು ಎರಡು ಮರದ ಅಡೆ ಇಟ್ಟಿದ್ದೇವೆ. ಹಿರಿಯರು ಹೊಸ ಯೋಕ್ ಹಾಕಿ ಜೋಡಿಸಿಕೊಟ್ಟ ಶಾಫ್ಟಿನಲ್ಲಿ ನಡುಕ ಇಲ್ಲ. ಮೊದಲು ಕೆಲಸ ಮಾಡಿದವರಿಗೆ ಅಡ್ಡ ಬಿದ್ದ ಸೂಜಿಯನ್ನೂ ಮುರಿದ ಲಾಕನ್ನೂ ಒಯ್ದು ತೋರಿಸಿದೆವು. ಹೊಸ ಕ್ರಾಸಿನ ಕಿಟ್ಟೇ ಸರಿ ಇರಲಿಲ್ಲ ಅಂದರು.