ಲೈಟರ್ ಹತ್ತದಿದ್ದರೆ ಒತ್ತುತ್ತಾ ಕೂರಬೇಡಿ, ಸಿಲಿಂಡರ್ ಗ್ಯಾಸ್ ಅಂತೂ ತುಂಬಿಸಲೇಬೇಡಿ

ಗ್ಯಾಸ್ ತುಂಬಿಸಿ ಬಳಸುವ ಜೇಬಿನ ಲೈಟರ್ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇದನ್ನೊಮ್ಮೆ ಓದಿ. ಅಡುಗೆ ಸಿಲಿಂಡರ್‌ನಿಂದಲೇ ತುಂಬಿಸಿ ಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಲೈಟರ್ ವಾಪಸ್ ತಗೊಂಡು ಬನ್ನಿ. ಹತ್ತದ ಲೈಟರನ್ನು ಒಂದೇ ಸಮನೆ ಒತ್ತಬೇಡಿ. ಈ ಎರಡೂ ಒಟ್ಟಿಗೆ ಸೇರಿ ನಮ್ಮ ಸೋದರಮಾವನ ಬಲಗೈ ಸುಟ್ಟುಹೋಯಿತು.

ಮಾವನ ಮನೆ ತೀರ್ಥಹಳ್ಳಿ ಕಡೆ. ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಬೆಂಕಿಪೊಟ್ಟಣ ಮೆತ್ತಗಾಗಿ, ಕಡ್ಡಿ ಗೀರಿದರೆ ಮದ್ದೇ ಉದುರುತ್ತದೆ. ಅದಕ್ಕೆ ಬಚ್ಚಲೊಲೆ ಹೊತ್ತಿಸೋಕೆ ಅಂತ ಒಂದು ಜೆಟ್ ಲೈಟರ್ (ಉರಿ ಪಿಚಕಾರಿ ಹಾಗೆ ರಭಸವಾಗಿ ಚಿಮ್ಮುವಂಥದ್ದು) ಇಟ್ಟುಕೊಂಡಿದ್ದರು. ಗ್ಯಾಸ್ ಮುಗಿದಾಗ ಪೇಟೆಯ ಅಂಗಡಿಯೊಂದರಲ್ಲಿ ಕೊಟ್ಟರು. ಅಲ್ಲಿ ಲೈಟರ್ ಗ್ಯಾಸಿನ ಡಬ್ಬಿ ಇರಲಿಲ್ಲ. ಒಳಗಿದ್ದ ಚಿಕ್ಕ ಸಿಲಿಂಡರ್‌ಗೆ ಪೈಪ್ ಸಿಕ್ಕಿಸಿ ತುಂಬಿಸಿದರಂತೆ. ಮಾವ ಕೇಳಿದ್ದಕ್ಕೆ, "ಎರಡೂ ಒಂದೇ ಗ್ಯಾಸ್, ಏನೂ ಆಗಲ್ಲ" ಅಂದರಂತೆ.

ಒಂದೇ ಅಲ್ಲ. ಲೈಟರ್‌ಗೆ ಹಾಕುವುದು ಬ್ಯೂಟೇನ್. ಅದು ಕುದಿಯುವುದು ಮೈನಸ್ 0.5 ಡಿಗ್ರಿ ಸೆಲ್ಸಿಯಸ್ ಹತ್ತಿರ. ಹಾಗಾಗಿ ಸ್ವಲ್ಪವೇ ಒತ್ತಡದಲ್ಲಿ, ತೆಳು ಪ್ಲಾಸ್ಟಿಕ್ ಟ್ಯಾಂಕ್‌ನಲ್ಲೂ ದ್ರವವಾಗಿ ಸುಮ್ನೆ ಇರುತ್ತದೆ. ಅಡುಗೆ ಗ್ಯಾಸ್‌ನಲ್ಲಿ ಬ್ಯೂಟೇನ್ ಜೊತೆ ಪ್ರೊಪೇನ್ ಕೂಡ ಇರುತ್ತದೆ. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ನಮ್ಮ ಮನೆಯ ಸೆಕೆಯಲ್ಲಿ ಬರೀ ಪ್ರೊಪೇನ್‌ನ ಒತ್ತಡ ಬ್ಯೂಟೇನ್‌ನ ಒತ್ತಡಕ್ಕಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ. ಎರಡೂ ಬೆರೆತಾಗ ಅಷ್ಟಿರಲ್ಲ, ಆದರೂ ಲೈಟರಿನ ವಾಲ್ವು, ಒಳಗಿನ ಪುಟ್ಟ ರಬ್ಬರ್ ವಾಷರ್ ಅದಕ್ಕೆ ಅಂತ ಮಾಡಿದವಲ್ಲ.

ಆವತ್ತು ಸಂಜೆ ಮಾವ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ಹಂಡೆ ಒಲೆಯ ಬಾಯಿಗೆ ಲೈಟರ್ ಹಿಡಿದು ಒತ್ತಿದ್ದಾರೆ. ಟಕ್ ಅಂತ ಕಿಡಿ ಬಂತು, ಸುಸ್ ಅಂತ ಗ್ಯಾಸೂ ಬಂತು, ಜ್ವಾಲೆ ಬರಲಿಲ್ಲ. ಗ್ಯಾಸ್ ಅಷ್ಟು ರಭಸವಾಗಿ ನುಗ್ಗಿದಾಗ ಉರಿ ನಿಲ್ಲುವುದಿಲ್ಲ, ತನ್ನ ರಭಸಕ್ಕೆ ತಾನೇ ಆರಿಹೋಗುತ್ತದೆ. ಮಾವ ಮತ್ತೆ ಒತ್ತಿದರು. ಮತ್ತೆ. "ವಾಸನೆ ಬಂತು ಕಣೋ, ಲೈಟರ್ ಅಂದ್ಮೇಲೆ ಗ್ಯಾಸ್ ವಾಸನೆ ಇರೋದೇ ಅಂದ್ಕೊಂಡೆ" ಅಂತ ಆಮೇಲೆ ಹೇಳಿದರು.

ಈ ಗ್ಯಾಸ್ ಗಾಳಿಗಿಂತ ಭಾರ. ಮೇಲೆ ಹೋಗಿ ಕಿಟಕಿಯಿಂದ ಹೊರಡುವುದಿಲ್ಲ, ಕೆಳಗಿಳಿದು ತಗ್ಗಿನಲ್ಲಿ ಕೂರುತ್ತದೆ. ಒಲೆಯ ಗೂಡಿಗಿಂತ ಒಳ್ಳೆ ತಗ್ಗು ಅದಕ್ಕೆ ಬೇಕಾ? ಒತ್ತಿದಷ್ಟೂ ಸಲ ಹೊರಬಂದದ್ದೆಲ್ಲ ಅಲ್ಲೇ ಸೇರಿತ್ತು. ಕೊನೆಗೊಮ್ಮೆ ಕಿಡಿ ತಾಗಿದಾಗ ಹತ್ತಿಕೊಂಡದ್ದು ಬರೀ ಲೈಟರ್ ಅಲ್ಲ, ಇಡೀ ಒಲೆಯ ಬಾಯಿ. ಭಗ್ ಅಂತ ಎದ್ದ ಉರಿಗೆ ಹುಬ್ಬು ಸುರುಟಿತು, ಮುಂಗೈ ಕೂದಲೆಲ್ಲ ಹೋಯಿತು, ಬೆರಳಿನ ಗೆಣ್ಣುಗಳ ಮೇಲೆ ಬೊಬ್ಬೆ ಎದ್ದವು. ಕನ್ನಡಕ ಹಾಕಿದ್ದರು. ಅದಿಲ್ಲದಿದ್ದರೆ ಕಣ್ಣಿನ ಗತಿ ಏನು ಅಂತ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಅತ್ತೆ ಕೈಯನ್ನು ಸೀದಾ ನಲ್ಲಿ ನೀರಿಗೆ ಹಿಡಿಸಿದರು. ಪಕ್ಕದ ಮನೆಯವರು ಟೂತ್‌ಪೇಸ್ಟ್ ತಂದರೂ ಹಚ್ಚಲು ಬಿಡಲಿಲ್ಲ. ಅವರು ಮಾಡಿದ್ದೇ ಸರಿ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಯಬೇಕು. ಪೇಸ್ಟ್, ತುಪ್ಪ, ಐಸ್ ಯಾವುದೂ ಬೇಡ. ಬೊಬ್ಬೆ ಒಡೆಯಬಾರದು, ಉಂಗುರ ಇದ್ದರೆ ಊತ ಬರುವ ಮೊದಲೇ ತೆಗೆಯಬೇಕು, ಆಮೇಲೆ ಡಾಕ್ಟರ್ ಹತ್ತಿರ.

ಹಾಗಾದರೆ ಲೈಟರ್ ಹತ್ತದಿದ್ದರೆ ಏನು ಮಾಡೋದು? ಎರಡು ಮೂರು ಸಲ ಒತ್ತಿ ನೋಡಿ, ನಿಲ್ಲಿಸಿ. ಒಲೆ, ದೀಪದಿಂದ ದೂರ ಹೊರಗೆ ಬಂದು, ಮುಖದಿಂದ ಆಚೆ ಹಿಡಿದು ಗಮನಿಸಿ. ಕಿಡಿ ಇಲ್ಲದಿದ್ದರೆ ಚಕ್ರದ ಲೈಟರ್‌ನಲ್ಲಿ ಕಲ್ಲು ಸವೆದಿರುತ್ತದೆ, ಹೊಸದು ಹಾಕಿದರೆ ಸರಿಹೋಗುತ್ತದೆ. ಕಿಡಿ ಇದೆ, ಸುಸ್ ಅನ್ನೋ ಸದ್ದಿಲ್ಲ ಅಂದರೆ ಗ್ಯಾಸ್ ಮುಗಿದಿದೆ ಅಥವಾ ಗ್ಯಾಸ್ ಬರುವ ತೂತು ಕಟ್ಟಿದೆ. ಜೇಬಿನ ನೂಲು, ಧೂಳು ಅಲ್ಲಿ ಸೇರಿಕೊಳ್ಳುವುದು ಮಾಮೂಲು, ಜೋರಾಗಿ ಊದಿದರೆ ಎಷ್ಟೋ ಸಲ ಬಿಡುತ್ತದೆ.

ಈಗ ತಾನೇ ತುಂಬಿಸಿದ್ದು ಹತ್ತದಿದ್ದರೆ ಹೆಚ್ಚಾಗಿ ಎರಡು ಕಾರಣ. ಟ್ಯಾಂಕ್‌ನಲ್ಲಿ ಗಾಳಿ ಉಳಿದಿರುತ್ತದೆ, ಇಲ್ಲವೇ ಗ್ಯಾಸ್ ಇನ್ನೂ ತಣ್ಣಗಿರುತ್ತದೆ. ಅದಕ್ಕೇ ತುಂಬಿಸುವ ಮೊದಲು ಲೈಟರನ್ನು ತಲೆಕೆಳಗೆ ಹಿಡಿದು, ಬುಡದ ವಾಲ್ವನ್ನು ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ, ಒಳಗಿನದನ್ನೆಲ್ಲ ಹೊರಬಿಡಬೇಕು. ಜ್ವಾಲೆಯ ಸ್ಕ್ರೂ ಮೈನಸ್ ಕಡೆ ಪೂರ್ತಿ ತಿರುಗಿಸಿ. ಆಮೇಲೆ ಬ್ಯೂಟೇನ್ ಡಬ್ಬಿಯನ್ನೂ ತಲೆಕೆಳಗೆ ಮಾಡಿ, ನೆಟ್ಟಗೆ ಮೇಲಿನಿಂದ ಕೆಲವೇ ಸೆಕೆಂಡ್ ಒತ್ತಿ. ಪಕ್ಕಕ್ಕೆ ಚಿಮ್ಮಿದರೆ ಸಾಕು ಅಂತ ಅರ್ಥ. ಐದು ನಿಮಿಷ ಹಾಗೇ ಬಿಟ್ಟು, ಸುತ್ತ ವಾಸನೆ, ಒದ್ದೆ ಏನೂ ಇಲ್ಲ ಅಂತ ನೋಡಿಕೊಂಡೇ ಹತ್ತಿಸಿ.

ಮನೆ ಸಿಲಿಂಡರ್‌ನಿಂದ ಬೇರೆ ಪಾತ್ರೆಗೆ ಗ್ಯಾಸ್ ತುಂಬುವುದು ಕಾನೂನಿಗೂ ವಿರುದ್ಧ. ಆದರೂ ನಡೆಯುತ್ತಿದೆ. ಈಗಾಗಲೇ ಹಾಗೆ ತುಂಬಿಸಿಕೊಂಡ ಲೈಟರ್ ನಿಮ್ಮಲ್ಲಿದ್ದರೆ ಒಮ್ಮೆ ಹತ್ತಿಸಿ ನೋಡೋಣ ಅಂತಲೂ ಅನ್ನಬೇಡಿ, ಬೈಕಿನ ಬಾಕ್ಸಿನಲ್ಲಿ ಬಿಸಿಲಿಗೂ ಬಿಡಬೇಡಿ. ಬಯಲಿಗೆ ತಗೊಂಡು ಹೋಗಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಮುಖ ಆಚೆ ಮಾಡಿ, ವಾಲ್ವು ಒತ್ತಿ ಖಾಲಿ ಮಾಡಿ. ಹೊರಬರುವ ಗ್ಯಾಸ್ ಮಂಜಿನಂತೆ ಕೊರೆಯುತ್ತದೆ, ಬರಿಗೈಗೆ ತಾಗಿದರೆ ಚರ್ಮ ಕೆಡುತ್ತದೆ. ಸದ್ದು ಪೂರ್ತಿ ನಿಲ್ಲುವವರೆಗೂ ಬಿಡಬೇಡಿ. ವಾಷರ್ ಹಾಳಾಗಿರಬಹುದು, ಆ ಲೈಟರನ್ನು ಮತ್ತೆ ತುಂಬಿಸುವುದು ಬೇಡ.